ಕೆ–೨ ಯಾರಿಗೂ ಬೇಡ

೭ ಮಾರ್ಚ್ ೧೯೮೮, ಸೋಮವಾರ

ನನ್ನ ಗ್ರಹಚಾರವೇ ಸರಿ ಇಲ್ಲ. ಹದಿಮೂರು ವರ್ಷ ಆಸ್ಪತ್ರೆಯ ರೆಕಾರ್ಡು ಕೋಣೆಯಲ್ಲಿ ನೆಮ್ಮದಿಯಾಗಿ ಟೈಪು ಕುಟ್ಟಿಕೊಂಡಿದ್ದೆ. ಇವತ್ತು ಆಡಳಿತಾಧಿಕಾರಿ ಸರ್ವೋತ್ತಮ ಸರ್ ಕರೆದು ಕಂಪ್ಯೂಟರ್ ಕೋಣೆಯ ಬೀಗದಕೈ ಕೈಗೆ ಹಾಕಿಬಿಟ್ಟರು. ಅದನ್ನು ನೋಡಿಕೊಳ್ಳುತ್ತಿದ್ದ ಚಿತ್ತರಂಜನ ಮಸ್ಕತ್ತಿಗೆ ಹೋಗಿ ಎರಡು ತಿಂಗಳಾಯಿತು. ಹೋಗುವಾಗ ಒಂದು ಚೀಟಿಯನ್ನೂ ಬರೆದಿಟ್ಟು ಹೋಗಲಿಲ್ಲ ಆ ಮಹಾಶಯ.

ಪೆಟ್ಟಿಗೆಯ ಕೆಲಸ ಇಷ್ಟೇ. ಯಾರಿಗಾದರೂ ರಕ್ತ ಬೇಕಾದರೆ ಅದರಲ್ಲಿ ಗುಂಪು ಒತ್ತುವುದು, ಯಾರನ್ನು ಕರೆಸಬಹುದೆಂದು ಅದು ಹೆಸರು ತೋರಿಸುವುದು. ಈಗ ಅದರ ಹೊಟ್ಟೆ ತುಂಬಿದೆಯಂತೆ. ಜೂನ್‌ನಿಂದ ಹೊರರೋಗಿಗಳ ಕಾರ್ಡುಗಳನ್ನೂ ಅದರೊಳಗೆ ಹಾಕಬೇಕೆಂದು ಸರ್ ಆಸೆ. ಒಳಗೆ ನಲವತ್ತೇಳು ಪಟ್ಟಿಗಳಿವೆ. ಚಿತ್ತರಂಜನನ ಪ್ರೋಗ್ರಾಮು ಅದರಲ್ಲಿ ಯಾವುದನ್ನು ಉಪಯೋಗಿಸುತ್ತದೆ, ಯಾವುದು ಸುಮ್ಮನೆ ಬಿದ್ದಿದೆ ಎಂದು ನಾನು ಹುಡುಕಬೇಕು. 'ಬೇಕು' ಎಂಬ ಕಡೆ ಇಷ್ಟು, 'ಬೇಡ' ಎಂಬ ಕಡೆ ಇಷ್ಟು ಎಂದು ಬರೆದು ಸಹಿ ಹಾಕಿ ಕೊಡಬೇಕು. ಬೇಡದ್ದನ್ನು ಅಳಿಸುವುದು.

ಮನೆಗೆ ಬಂದರೆ ತಂಗಿ ಆಶಾಲತಾ ಕಾವೂರಿನಿಂದ ಬಂದಿದ್ದಳು. ಜೂನ್ ಎರಡನೇ ವಾರಕ್ಕೆ ದಿನ ಕೊಟ್ಟಿದ್ದಾರೆ. ಹೆರಿಗೆಗೆ ದೇರೆಬೈಲಿಗೇ, ನಮ್ಮಲ್ಲಿಗೇ ಬರುವುದು. ಮೊದಲ ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿತ್ತು. ಅವಳದ್ದು ಒ ನೆಗೆಟಿವ್, ಹುಡುಕಿದರೂ ಸಿಗದ ಗುಂಪು. ಈ ಸಲ ಹೆರಿಗೆಯ ಹೊತ್ತಿಗೆ ಒಂದಾದರೂ ಬಾಟ್ಲಿ ಸಿದ್ಧವಿರಲೇಬೇಕೆಂದು ಡಾಕ್ಟರು ಖಡಾಖಂಡಿತ ಹೇಳಿದ್ದಾರೆ. ನಿನ್ನ ಕಂಪ್ಯೂಟರಿಗೆ ಹೇಳಿಡು ಅಕ್ಕ ಎಂದು ಆಶಾ ನಗುತ್ತಾಳೆ. ನನಗೆ ನಗು ಬರುವುದಿಲ್ಲ.

೧೧ ಮಾರ್ಚ್, ಶುಕ್ರವಾರ

ಪ್ರೋಗ್ರಾಮನ್ನು ಪ್ರಿಂಟು ತೆಗೆದೆ. ಎರಡು ಬದಿ ತೂತಿರುವ ಅಗಲ ಕಾಗದ, ನೂರನಲವತ್ತು ಹಾಳೆ. ಮನೆಗೆ ತಂದು ಚಾವಡಿಯಲ್ಲಿ ಹಾಸಿದರೆ, ಹಪ್ಪಳಕ್ಕೆ ಜಾಗ ಇಲ್ಲ ಎಂದು ಅಮ್ಮನ ಬೊಬ್ಬೆ.

ಬ್ಲಡ್ ಬ್ಯಾಂಕಿನ ಟೆಕ್ನಿಷಿಯನ್ ಅಯ್ಯೂಬ್ ಒಂದು ಉಪಾಯ ಹೇಳಿದ್ದ. ಅವನು ವಾಮಂಜೂರಿನವ, ಕಳೆದ ಅಕ್ಟೋಬರಿನಲ್ಲಿ ಕೆಲಸಕ್ಕೆ ಸೇರಿದವ, ಕೆಲಸಕ್ಕಿಂತ ಮಾತು ಜಾಸ್ತಿ. ಪ್ರೋಗ್ರಾಮು ಒಂದು ಪಟ್ಟಿಯನ್ನು ತೆರೆಯುವ ಜಾಗದಲ್ಲೆಲ್ಲ 'ಯೂಸ್' ಎಂಬ ಶಬ್ದ ಇರುತ್ತದೆ, ಅದರ ಮುಂದೆ ಪಟ್ಟಿಯ ಹೆಸರು ಇರುತ್ತದೆ. ಕೆಂಪು ಪೆನ್ಸಿಲ್ ಹಿಡಿದು ಅಂಥದ್ದಕ್ಕೆಲ್ಲ ಗೆರೆ ಎಳೆದೆ. ಇಪ್ಪತ್ತಾರು ಹೆಸರು ಸಿಕ್ಕಿತು. ಒಂದು ಕಡೆ ಮಾತ್ರ 'ಯೂಸ್' ಮುಂದೆ ಹೆಸರೇ ಇಲ್ಲ. ಗಂಟು ಹಾಕಿದ ಹಗ್ಗದಂಥ ಒಂದು ಗುರುತು, ಅದರ ಮುಂದೆ ಎಂತದೋ ಎರಡಕ್ಷರ. ಪ್ರಿಂಟರಿನ ರಿಬ್ಬನ್ ಹಳೆಯದು, ಏನೇನೋ ಹೊಡೆಯುತ್ತದೆ. ಅದನ್ನು ಬಿಟ್ಟೆ.

ಅಂದರೆ ಇಪ್ಪತ್ತೊಂದು ಪಟ್ಟಿ ಬೇಡ. ಇಷ್ಟು ಸುಲಭವಾ? ಮಂಡೆ ಬಿಸಿ ಮಾಡಿಕೊಂಡದ್ದೇ ಬಂತು.

೧೯ ಮಾರ್ಚ್, ಶನಿವಾರ

ಸುಲಭ ಇಲ್ಲ. ಅಯ್ಯೂಬನಿಗೆ ಪ್ರಿಂಟಿನ ಮೇಲೆ ನಂಬಿಕೆ ಇಲ್ಲವಂತೆ. ಬೇಡವೆಂದು ಬರೆದ ಪಟ್ಟಿಗಳ ಹೆಸರನ್ನು ದಿನಕ್ಕೆ ಒಂದರಂತೆ ಬದಲಿಸಿ ಇಡಿ, ಪ್ರೋಗ್ರಾಮು ಬೊಬ್ಬೆ ಹೊಡೆದರೆ ಬೇಕು, ಹೊಡೆಯದಿದ್ದರೆ ಬೇಡ ಎಂದ. ಡಬ್ಬಿ ಅಡಗಿಸಿಟ್ಟು ಅಡುಗೆಯವರು ಹುಡುಕುತ್ತಾರಾ ಎಂದು ಕಾಯುವ ಕೆಲಸ. ಹಾಗೆಯೇ ಮಾಡುತ್ತಿದ್ದೇನೆ. ನಾಲ್ಕು ಪಟ್ಟಿ ಅಡಗಿಸಿದೆ, ಯಾರೂ ಕೇಳಲಿಲ್ಲ.

ಆಶಾಳಿಗಾಗಿ ಒ ನೆಗೆಟಿವ್ ಒತ್ತಿ ನೋಡಿದೆ. ಏಳು ಹೆಸರು ಬಂತು. ಏಳು ಜನ ಇರುವಾಗ ಹೆದರಿಕೆ ಯಾಕೆ? ಬಾಟ್ಲಿ ಮೂರು ವಾರಕ್ಕಿಂತ ಹೆಚ್ಚು ನಿಲ್ಲುವುದಿಲ್ಲವಾದ್ದರಿಂದ ಈಗಲೇ ತೆಗೆಸಿ ಪ್ರಯೋಜನ ಇಲ್ಲ. ಜೂನ್ ಬರಲಿ.

೨೯ ಮಾರ್ಚ್, ಮಂಗಳವಾರ

ಕೆ–೧ ಎಂಬ ಪಟ್ಟಿಯನ್ನು ಅಡಗಿಸಿದ್ದೇ ತಡ, ಪ್ರೋಗ್ರಾಮು ನಿಂತೇ ಹೋಯಿತು. ಅಲ್ಲ, ಪ್ರಿಂಟಿನ ನೂರನಲವತ್ತು ಹಾಳೆಯಲ್ಲಿ ಎಲ್ಲಿಯೂ ಆ ಹೆಸರು ಇಲ್ಲ. ಮೂರು ಸಲ ನೋಡಿದೆ, ಅಮ್ಮನ ಕನ್ನಡಕ ಹಾಕಿಕೊಂಡೂ ನೋಡಿದೆ. ಬರೆಯದ ಹೆಸರನ್ನು ಇದು ಕರೆಯುವುದು ಹೇಗೆ? ಕಂಪ್ಯೂಟರಿಗೆ ದೆವ್ವ ಹಿಡಿದಿದೆಯೋ ನನಗೆ ಹಿಡಿದಿದೆಯೋ ಗೊತ್ತಾಗುವುದಿಲ್ಲ.

ಕೆ–೧ ತೆರೆದು ನೋಡಿದೆ. ಹಂಚಿನ ಕಾರ್ಖಾನೆಯ ಕೆಲಸದವರ ಹೆಸರುಗಳು, ಕಾರ್ಖಾನೆಯ ಫೋನ್ ನಂಬರ್ ಸಮೇತ. ಸರಿ, 'ಬೇಕು' ಎಂಬ ಕಡೆಗೆ ಹಾಕಿದೆ. ಅದರ ಪಕ್ಕದ ಕೆ–೨ ಅನ್ನೂ ಹಾಗೆಯೇ ಅಡಗಿಸಿ ಇಟ್ಟಿದ್ದೇನೆ, ನೋಡುವ.

೧೨ ಏಪ್ರಿಲ್, ಮಂಗಳವಾರ

ಎರಡು ವಾರ ಆಯಿತು, ಕೆ–೨ ಯಾರಿಗೂ ಬೇಡ. ಪ್ರೋಗ್ರಾಮು ತನ್ನಷ್ಟಕ್ಕೆ ಓಡುತ್ತಿದೆ. ಇವತ್ತು ತೆರೆದು ನೋಡಿ ನಗು ತಡೆಯಲಾಗಲಿಲ್ಲ. ಇಪ್ಪತ್ತಮೂರು ಹೆಸರು. ಫೋನ್ ಇಲ್ಲ, ಮನೆ ಹೆಸರಿಲ್ಲ, ಊರಿಲ್ಲ. ಮರೆಯದಿರಲಿ ಎಂದು ನಾಲ್ಕು ಸಾಲು ಇಲ್ಲಿ ಬರೆದಿಡುತ್ತೇನೆ, ಆಶಾಳಿಗೆ ತೋರಿಸಿ ನಗಿಸಬೇಕು.

ಮೊಯ್ದೀನಬ್ಬ, ಒ ನೆಗೆಟಿವ್, ವಿಳಾಸ: ಜಲರಾಣಿ.
ಮಹಾಬಲ, ಒ ನೆಗೆಟಿವ್, ವಿಳಾಸ: ನೇತ್ರಾ ದೀಪ.
ಉಸ್ಮಾನ್, ಬಿ ನೆಗೆಟಿವ್, ವಿಳಾಸ: ಜಲರಾಣಿ.
ಜಯ, ಎ ನೆಗೆಟಿವ್, ವಿಳಾಸ: ಸಾಗರ ಮಿತ್ರ.

ಮೊಯ್ದೀನಬ್ಬ ಮತ್ತು ಉಸ್ಮಾನ್ ಜಲರಾಣಿಯಲ್ಲಿ ವಾಸ! ಎಂತದು, ಅರಮನೆಯಾ? ಇಪ್ಪತ್ತಮೂರಕ್ಕೆ ಇಪ್ಪತ್ತಮೂರೂ ನೆಗೆಟಿವ್. ಊರೆಲ್ಲ ತಡಕಿದರೂ ಸಿಗದ ಒ ನೆಗೆಟಿವ್ ಇಲ್ಲಿ ಐದು ಜನರಿಗೆ. ಚಿತ್ತರಂಜನ ಕಲಿಯುವಾಗ ಆಟಕ್ಕೆ ತುಂಬಿಸಿದ ಹೆಸರುಗಳು, ಅನುಮಾನವೇ ಬೇಡ. ಮನುಷ್ಯರಾದರೆ ಒಂದು ಮನೆ ಹೆಸರು ಇರುವುದಿಲ್ಲವಾ?

೨೭ ಏಪ್ರಿಲ್, ಬುಧವಾರ

ಚಿತ್ತರಂಜನನಿಗೆ ಮಸ್ಕತ್ತಿಗೆ ಕಾಗದ ಬರೆದು ತಿಂಗಳಾಯಿತು, ಉತ್ತರ ಇಲ್ಲ. ಆಶಾಳ ಕಾಲು ಬಾತಿದೆ. ಸೆಕೆ.

೨೦ ಮೇ, ಶುಕ್ರವಾರ

ಮುಗಿಯಿತು! ಬೇಕು ಇಪ್ಪತ್ತೇಳು, ಬೇಡ ಇಪ್ಪತ್ತು. ಬೇಡದ ಪ್ರತಿಯೊಂದರ ಎದುರು ಕಾರಣವನ್ನೂ ಟೈಪು ಮಾಡಿದೆ. ಕೆ–೨ ಎದುರು 'ಅಭ್ಯಾಸಕ್ಕೆ ಹಾಕಿದ ಸುಳ್ಳು ಹೆಸರುಗಳು' ಎಂದು ಬರೆದು ಕೆಳಗೆ ಸಹಿ ಹಾಕಿದೆ, ಬಿ. ಶಶಿಪ್ರಭಾ. ಸರ್ವೋತ್ತಮ ಸರ್ ಶಹಬ್ಬಾಸ್ ಅಂದರು. ಹದಿಮೂರು ವರ್ಷದಲ್ಲಿ ಮೊದಲ ಸಲ.

ಅಳಿಸುವ ಮೊದಲು ಎಲ್ಲವನ್ನೂ ಒಂದು ಫ್ಲಾಪಿಗೆ ಹಾಕಿಡುವ ಎಂದು ಅಯ್ಯೂಬ್ ಹೇಳಿದ. ಇಡೀ ಆಸ್ಪತ್ರೆಗೆ ಖಾಲಿ ಫ್ಲಾಪಿ ಇರುವುದು ಮೂರು. ಆಟದ ಹೆಸರುಗಳಿಗೆ ಒಂದು ಫ್ಲಾಪಿ ದಂಡವಾ ಎಂದು ಕೇಳಿದೆ. ಅವನು ಆ ಹೆಸರುಗಳನ್ನು ನೋಡಿದವನಲ್ಲ, ನಕ್ಕುಬಿಟ್ಟ. ಇಪ್ಪತ್ತೂ ಅಳಿಸಿದೆ. ಪೆಟ್ಟಿಗೆಯೂ ಹಗುರ, ನಾನೂ ಹಗುರ.

೧ ಜೂನ್, ಬುಧವಾರ

ಬೆಳಿಗ್ಗೆ ಆಶಾಳಿಗಾಗಿ ಒ ನೆಗೆಟಿವ್ ಒತ್ತಿದರೆ ಪ್ರೋಗ್ರಾಮು ನಿಂತಿತು. ಕೆ–೨ ಸಿಗುವುದಿಲ್ಲವಂತೆ. ಮೂರು ಸಲ ಮಷೀನು ಬಂದ್ ಮಾಡಿ ಹಾಕಿದೆ. ಅದೇ ಹಾಡು.

ಎರಡು ತಿಂಗಳು ಬೇಡವಾದದ್ದು ಇವತ್ತು ಹೇಗೆ ಬೇಕಾಯಿತು? ನಿನ್ನೆ ಸಂಜೆಯವರೆಗೆ ಸರಿಯಾಗಿತ್ತು. ಯಾರೂ ಮುಟ್ಟಲಿಲ್ಲ. ನನ್ನ ಮಂಡೆ ಪೂರ್ತಿ ಹಾಳಾಗಿದೆ. ಆ ಏಳು ಜನರ ಹೆಸರನ್ನು ರಿಜಿಸ್ಟರು ನೋಡಿ ಕೈಯಲ್ಲೇ ಹುಡುಕಿದೆವು. ಇಬ್ಬರು ಗಲ್ಫಿಗೆ ಹೋಗಿದ್ದಾರೆ. ಒಬ್ಬರಿಗೆ ಕಾಮಾಲೆ. ಇಬ್ಬರು ಮೊನ್ನೆ ಏಪ್ರಿಲ್‌ನಲ್ಲಿ ಕೊಟ್ಟವರು, ಮೂರು ತಿಂಗಳು ಮುಟ್ಟಬಾರದು. ಒಬ್ಬಳು ತಾನೇ ಬಸುರಿ. ಉಳಿದವ ಹಂಚಿನ ಕಾರ್ಖಾನೆಯವ, ಗದ್ದೆಯಲ್ಲಿ ನೇಜಿ ನೆಡುವ ಕೆಲಸಕ್ಕೆ ಊರಿಗೆ ಹೋಗಿದ್ದಾನೆ, ಯಾವ ಊರೆಂದು ಕಾರ್ಖಾನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಒಬ್ಬರೂ ಇಲ್ಲ. ಆಶಾಳಿಗೆ ಹೇಳಲಿಲ್ಲ. ಹೊರಗೆ ಮಳೆ ಹಿಡಿದಿದೆ.

೨ ಜೂನ್, ಗುರುವಾರ

ಎಲ್ಲವನ್ನೂ ಬರೆಯಬೇಕು, ಇಲ್ಲದಿದ್ದರೆ ನನಗೇ ಅರ್ಥವಾಗುವುದಿಲ್ಲ.

ನಿನ್ನೆಗೂ ಮೊನ್ನೆಗೂ ಏನು ಬದಲಾಯಿತು ಎಂದು ಅಯ್ಯೂಬ್ ಕೇಳುತ್ತಲೇ ಇದ್ದ. ಏನೂ ಇಲ್ಲ, ತಿಂಗಳು ಒಂದು ಬಿಟ್ಟು ಎಂದು ನಾನು ಸಿಡುಕಿದೆ. ಅವನು ಎದ್ದು ಹೋಗಿ ಮಷೀನಿನ ತಾರೀಕನ್ನು ಮೇ ತಿಂಗಳಿಗೆ ಹಿಂದೆ ಮಾಡಿದ. ಪ್ರೋಗ್ರಾಮು ಓಡಿತು. ಜೂನ್ ಮಾಡಿದ, ನಿಂತಿತು. ಜುಲೈ, ಆಗಸ್ಟು, ನಿಂತಿತು. ಸೆಪ್ಟೆಂಬರು, ಓಡಿತು.

ಆಮೇಲೆ ಪ್ರಿಂಟು ಬಿಡಿಸಿ ಕುಳಿತೆವು. ರಿಬ್ಬನ್ನಿನ ದೋಷ ಎಂದು ನಾನು ಬಿಟ್ಟಿದ್ದ ಆ ಗಂಟಿನ ಗುರುತು ದೋಷ ಅಲ್ಲ. ಅಲ್ಲಿ ಪಟ್ಟಿಯ ಹೆಸರನ್ನು ಬರೆಯುವುದಿಲ್ಲ, ಪ್ರೋಗ್ರಾಮು ಆಯಾ ಹೊತ್ತಿಗೆ ತಾನೇ ಹೆಸರು ಕಟ್ಟಿಕೊಳ್ಳುತ್ತದೆ. ಮೂರು ಸಾಲು ಮೇಲೆ ಸ್ಪಷ್ಟವಾಗಿ ಇತ್ತು: ತಿಂಗಳು ಜೂನ್, ಜುಲೈ, ಆಗಸ್ಟು ಆದರೆ ಕೆ ಮುಂದೆ ಎರಡು, ಇಲ್ಲದಿದ್ದರೆ ಒಂದು. ಬೇಸಿಗೆಯಲ್ಲಿ ಇಲ್ಲಿರುವವರು ಒಂದರಲ್ಲಿ, ಮಳೆಗಾಲದಲ್ಲಿ ಇಲ್ಲಿರುವವರು ಎರಡರಲ್ಲಿ. ನಾನು ಹುಡುಕಿದ್ದು ಮಾರ್ಚ್‌ನಿಂದ ಮೇವರೆಗೆ. ಮಳೆಗಾಲದವರನ್ನು ಬೇಸಿಗೆಯಲ್ಲಿ ಯಾರು ಕೇಳುತ್ತಾರೆ?

ಹಾಗಾದರೆ ಆ ಇಪ್ಪತ್ತಮೂರು ಜನ ನಿಜವಾದ ಮನುಷ್ಯರು. ಮಧ್ಯಾಹ್ನ ರಜೆ ಹಾಕಿ ಮನೆಗೆ ಓಡಿ, ಈ ಪುಸ್ತಕವನ್ನೇ ಚೀಲಕ್ಕೆ ಹಾಕಿಕೊಂಡು ಬಂದು ಆ ನಾಲ್ಕು ಸಾಲುಗಳನ್ನು ಅಯ್ಯೂಬನಿಗೆ ಓದಿ ಹೇಳಿದೆ. ಮಾಡಿದ ತಮಾಷೆಯನ್ನು ಓದಲಿಲ್ಲ.

"ಜಲರಾಣಿ ಅಂದ್ರೆ ಮನೆ ಅಲ್ಲ ಶಶಿಯಕ್ಕ," ಅಂದ, "ಅದು ಬೋಟು. ಮಳೆಗಾಲಕ್ಕೆ ಬೋಟು ಕಟ್ಟಿ ಹಾಕ್ತಾರಲ್ಲ, ಆಗ ಮಾತ್ರ ಅವರು ದಡದಲ್ಲಿ ಸಿಗುವುದು. ಬೇರೆಂತ ವಿಳಾಸ ಕೊಡ್ಲಿ ಅವರು?"

ನಾನು ದೇರೆಬೈಲಿನ ಗುತ್ತಿನ ಮನೆಯ, ದೊಡ್ಡ ಮನೆತನದ ಹೆಣ್ಣು. ಮೀನಿನ ಬೋಟು ಕಟ್ಟುವ ದಕ್ಕೆ ನಮ್ಮ ಮನೆಯಿಂದ ಹೆಚ್ಚೆಂದರೆ ನಾಲ್ಕು ಮೈಲು. ದಿನಾ ಅಲ್ಲಿಯ ಮೀನು ತಿನ್ನುತ್ತೇನೆ. ಮೂವತ್ತಾರು ವರ್ಷದಲ್ಲಿ ಒಮ್ಮೆಯೂ ಅಲ್ಲಿಗೆ ಕಾಲಿಟ್ಟಿಲ್ಲ.

೩ ಜೂನ್, ಶುಕ್ರವಾರ

ಅಯ್ಯೂಬನ ಜೊತೆ ದಕ್ಕೆಗೆ ಹೋದೆ. ಕೊಡೆ ಮೊದಲ ಗಾಳಿಗೇ ಮಗುಚಿ ಹೋಯಿತು. ಬೋಟುಗಳನ್ನು ಒಂದಕ್ಕೊಂದು ತಾಗಿಸಿ ಕಟ್ಟಿದ್ದಾರೆ, ಎಣಿಸಿ ಮುಗಿಯದಷ್ಟು. ಹೆಸರು ಮುಂದಿನ ಕಡೆ ಬರೆದಿರುತ್ತದೆ, ಅರ್ಧದ್ದು ಬಣ್ಣ ಹೋಗಿದೆ, ಅರ್ಧದ್ದು ಇನ್ನೊಂದರ ಹಿಂದೆ. ಮೀನಿನ ನೀರು, ಡೀಸೆಲು, ಕೆಸರು. ನಾನು ಸೀರೆ ಎತ್ತಿ ಕಟ್ಟಿ, ಪ್ರತಿ ಬೋಟಿನ ಎದುರು ನಿಂತು ಹೆಸರು ಓದುತ್ತಾ ನಡೆದೆ. ಎಂತ ಕರ್ಮ! ಕೆಲವರು ನಕ್ಕರು. ನಗಲಿ.

ಜಲರಾಣಿ ಸಿಕ್ಕಿದ್ದು ಮೂರೂವರೆ ಗಂಟೆಗೆ. ಟಾರ್ಪಾಲಿನ ಅಡಿಯಲ್ಲಿ ನಾಲ್ಕು ಜನ ಬಲೆ ಸರಿಮಾಡುತ್ತಾ ಕುಳಿತಿದ್ದರು. ಮೊಯ್ದೀನಬ್ಬ ಯಾರು ಎಂದು ಕೇಳಿದ್ದಕ್ಕೆ ನರೆತ ಗಡ್ಡದ ಗಟ್ಟಿ ಆಳೊಬ್ಬರು ತಲೆಯೆತ್ತಿದರು. ಆಸ್ಪತ್ರೆಯಿಂದ ಬಂದದ್ದು ಅಂದೆ. ಮುಂದೆ ಹೇಳುವಷ್ಟರಲ್ಲಿ ಅಳು ಬಂತು. ಹೀಗೆ ಪರವೂರಿನವಳಂತೆ ದಕ್ಕೆಯಲ್ಲಿ ನಿಂತು ಅಳುವುದೆಂದರೆ!

"ಈ ವರ್ಷ ಆಸ್ಪತ್ರೆಯಿಂದ ಇನ್ನೂ ಕರೆ ಬರಲಿಲ್ಲ ಅಂತ ನಾವೇ ಹೇಳ್ತಾ ಇದ್ದೆವು," ಅಂದರು ಅವರು. "ಯಾರಿಗೆ ಅಕ್ಕ? ನಿಮ್ಮವರಿಗಾ?"

೪ ಜೂನ್, ಶನಿವಾರ

ಮೊಯ್ದೀನಬ್ಬರು ಬೆಳಿಗ್ಗೆ ಎಂಟಕ್ಕೇ ಬಂದು ಬೆಂಚಿನಲ್ಲಿ ಕುಳಿತಿದ್ದರು. ಒಂದು ಬಾಟ್ಲಿ ತುಂಬಿತು. ಅದರ ಮೇಲೆ ಆಶಾಲತಾ ಎಂದು ನಾನೇ ಚೀಟಿ ಅಂಟಿಸಿದೆ. ಫ್ರಿಜ್ಜು ಎರಡು ಸಲ ತೆರೆದು ನೋಡಿದೆ.

ಚಹಾ ಕುಡಿಯುತ್ತಾ ಅವರು ಚಿತ್ತರಂಜನನ ವಿಷಯ ಹೇಳಿದರು. ಮೂರು ವರ್ಷ ಹಿಂದೆ ಆ ಮನುಷ್ಯ ಒಂದಿಡೀ ಮಳೆಗಾಲ ದಕ್ಕೆಯಲ್ಲಿ ಕುಳಿತು ಆರೇಳುನೂರು ಜನರ ಬೆರಳು ಚುಚ್ಚಿಸಿದ್ದನಂತೆ. ಅಷ್ಟು ಜನರಲ್ಲಿ ಅಪರೂಪದ ಗುಂಪಿನ ಇಪ್ಪತ್ತಮೂರು ಜನರನ್ನು ಆರಿಸಿ ಬರೆದುಕೊಂಡನಂತೆ. ನಾನು ಅವನನ್ನು ಎಷ್ಟು ಬೈದಿದ್ದೇನೆ! ಚೀಟಿ ಬರೆದಿಡದಿದ್ದದ್ದಕ್ಕೆ ಈಗಲೂ ಬೈಯುತ್ತೇನೆ.

ಹೊರಡುವಾಗ ಮೊಯ್ದೀನಬ್ಬರು ಕಂಪ್ಯೂಟರಿನ ಕೋಣೆಗೆ ಇಣುಕಿದರು. "ನಮ್ಮ ಹೆಸರು ಇದರೊಳಗೆ ಉಂಟಲ್ಲ ಅಕ್ಕ?"

ಉಂಟು ಅಂದೆ. ಬೇರೆಂತ ಹೇಳಲಿ?

೬ ಜೂನ್, ಸೋಮವಾರ

ಹನ್ನೊಂದು ಗಂಟೆಗೆ ಕುಲಶೇಖರದ ತೆರೆಸಾ ಎಂಬವಳನ್ನು ರಿಕ್ಷಾದಲ್ಲಿ ತಂದರು. ಮನೆಯಲ್ಲೇ ಹೆರಿಗೆ ಆಗಿ ರಕ್ತ ನಿಲ್ಲುತ್ತಿಲ್ಲ. ಅಯ್ಯೂಬ್ ಗುಂಪು ನೋಡಿ ನನ್ನ ಕೋಣೆಯ ಬಾಗಿಲಲ್ಲಿ ನಿಂತ. ಅವಳದ್ದೂ ಒ ನೆಗೆಟಿವ್ ಎಂದು ಅವನ ಮುಖ ನೋಡಿಯೇ ನನಗೆ ಗೊತ್ತಾಯಿತು.

ಕೊಡಲಿಕ್ಕಿಲ್ಲ ಅಂದೆ. ಹೌದು, ಅದೇ ಮೊದಲು ಬಾಯಿಗೆ ಬಂದದ್ದು, ಬರೆಯದೆ ಏನು ಮಾಡಲಿ. ಆಶಾಳಿಗೆ ಇನ್ನು ಎರಡೋ ಮೂರೋ ದಿನ. ಅವನು ಜೋರು ಮಾಡಲಿಲ್ಲ. "ಚೀಟಿ ನಿಮ್ಮದು, ನೀವೇ ಹೇಳ್ಬೇಕು ಶಶಿಯಕ್ಕ. ಅವಳಿಗೆ ಅರ್ಧ ಗಂಟೆ ಉಂಟು," ಅಂದ.

ಕಿಟಕಿಯಿಂದ ನೋಡಿದರೆ ವರಾಂಡದಲ್ಲಿ ಅವಳ ಗಂಡ ಮಗುವನ್ನು ಅಂಗಿಯಲ್ಲಿ ಸುತ್ತಿ ಹಿಡಿದು ನಿಂತಿದ್ದ, ಬನಿಯನ್ನಿನಲ್ಲಿ, ಒದ್ದೆಯಾಗಿ. ಕೊಡು ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ. ಸರ್ ಹತ್ತಿರ ಅರ್ಧ ದಿನ ರಜೆಯನ್ನೂ ಕೇಳದೆ ದಕ್ಕೆಯ ಬಸ್ಸು ಹತ್ತಿದೆ. ಮಹಾಬಲನ ನೇತ್ರಾ ದೀಪ ಸಿಗಲಿಲ್ಲ.

ತೆರೆಸಾ ಬದುಕಿದ್ದಾಳೆ.

೭ ಜೂನ್, ಮಂಗಳವಾರ

ಬೆಳಿಗ್ಗೆ ಸರ್ವೋತ್ತಮ ಸರ್ ಹತ್ತಿರ ಎಲ್ಲ ಹೇಳಿದೆ. ನನ್ನ ಸಹಿ ಇರುವ ಹಾಳೆಯನ್ನೂ ಮೇಜಿನ ಮೇಲಿಟ್ಟೆ. ಅವರು ಮೆಮೊ ಕೊಟ್ಟರು, ತೆಗೆದುಕೊಂಡೆ.

ನೇತ್ರಾ ದೀಪ ಇವತ್ತು ಸಿಕ್ಕಿತು. ಮೊಯ್ದೀನಬ್ಬರು ತಾವೇ ಬೋಟಿನಿಂದ ಬೋಟಿಗೆ ದಾಟಿಕೊಂಡು ಹೋಗಿ ಕೇಳಿದರು. ಮಹಾಬಲ ಹೊಸಬೆಟ್ಟಿನ ಹೆಂಡತಿ ಮನೆಯಲ್ಲಿ ಇದ್ದಾನಂತೆ. ನಾಳೆ ಬರಲು ಹೇಳಿ ಕಳಿಸಿದ್ದಾರೆ. ಬರುತ್ತಾನೋ ಇಲ್ಲವೋ. ಆಶಾಳಿಗೆ ಸೊಂಟನೋವು ಶುರುವಾಗಿದೆ.

೯ ಜೂನ್, ಗುರುವಾರ

ಹೆಣ್ಣು ಮಗು. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ.

ನಿನ್ನೆ ಸಂಜೆ ನಾಲ್ಕಕ್ಕೆ ಮಹಾಬಲ ಬಂದು ರಕ್ತ ಕೊಟ್ಟು ಹೋಗಿದ್ದ. ಡಾಕ್ಟರು ಬಾಟ್ಲಿಯನ್ನು ಪಕ್ಕದಲ್ಲೇ ನೇತುಹಾಕಿಸಿದ್ದರು. ಬೇಕಾಗಲೇ ಇಲ್ಲ. ಒಂದು ಹನಿಯೂ ಬೇಕಾಗಲಿಲ್ಲ. ನಾನು ವರಾಂಡದಲ್ಲಿ ಕುಳಿತು ಅತ್ತೆ. ಅಮ್ಮ ಗಾಬರಿಯಾಗಿ ಎಂತಾಯ್ತು ಎಂತಾಯ್ತು ಎಂದು ಕೇಳಿದರು. ಏನೂ ಆಗಲಿಲ್ಲ ಎಂದೇ ಅಳುತ್ತಿದ್ದೆ.

೧೨ ಜೂನ್, ಭಾನುವಾರ

ಆಶಾಳಿಗೆ ಎಲ್ಲ ಹೇಳಿದೆ. ಪಟ್ಟಿ ಅಳಿಸಿದ್ದು ನಾನೇ ಎಂದೂ, ಅವಳ ಹೆಸರಿನ ಬಾಟ್ಲಿ ಬೇರೆಯವಳಿಗೆ ಕೊಟ್ಟೆ ಎಂದೂ. ಪಟ್ಟಿಯ ಮಾತು ಅವಳ ಕಿವಿಗೆ ಹೋಗಲೇ ಇಲ್ಲ.

"ನನ್ನದನ್ನು ಕೊಟ್ಟದ್ದಾ? ಸೋಮವಾರವೇ ನೋವು ಬಂದಿದ್ರೆ?" ಎಂದು ಕೇಳಿದಳು. ಗೋಡೆಯ ಕಡೆ ತಿರುಗಿ ಮಲಗಿದಳು. ಸರಿಯೇ, ಅವಳು ಕೇಳಿದ್ದು ಸರಿಯೇ. ಆದರೂ ಅಯ್ಯೂಬ್ ಇನ್ನೊಮ್ಮೆ ಹಾಗೆ ಬಾಗಿಲಲ್ಲಿ ಬಂದು ನಿಂತರೆ ಏನು ಮಾಡುತ್ತೇನೆ ಎಂದು ಯೋಚಿಸಿದೆ. ತಲೆ ಓಡಲಿಲ್ಲ.

೧೬ ಜೂನ್, ಗುರುವಾರ

ಕೆಲಸ ಮುಗಿದ ಮೇಲೆ ಇವತ್ತೂ ದಕ್ಕೆಗೆ ಹೋದೆ. ಹೊಸ ಪಟ್ಟಿ ಮಾಡುತ್ತಿದ್ದೇವೆ ಎಂದಷ್ಟೇ ಹೇಳಿ, ಮೊಯ್ದೀನಬ್ಬರು ತೋರಿಸಿದ ಬೋಟುಗಳಲ್ಲಿ ಒಬ್ಬರಿಂದ ಇನ್ನೊಬ್ಬರ ಹೆಸರು ಕೇಳಿ ಬರೆದುಕೊಳ್ಳುತ್ತಿದ್ದೇನೆ. ಕಾಲಿಗೆ ಕೆಸರುಹುಣ್ಣು ಆಗಿದೆ, ಈ ಕಿರಿಕಿರಿ ಯಾವಾಗ ಮುಗಿಯುತ್ತದೋ. ಆಶಾ ಇವತ್ತು ಮಾತಾಡಿದಳು, ಮಗುವನ್ನೂ ಕೊಟ್ಟಳು. ಹೆರಿಗೆ ಆಯಿತಲ್ಲ ಅಕ್ಕ, ಇನ್ನು ಯಾಕೆ ಹೋಗುತ್ತೀ ಎಂದಳು. ಪಟ್ಟಿ ಪೂರ್ತಿಯಾಗಲಿಲ್ಲ ಅಂದೆ.

ಮೊಯ್ದೀನಬ್ಬರಿಗೂ ಇವತ್ತು ಹೇಳಿಬಿಟ್ಟೆ. ನಿಮ್ಮ ಹೆಸರು ಇರಲಿಲ್ಲ, ಸುಳ್ಳು ಹೆಸರು ಎಂದು ಬರೆದು ನಾನೇ ಅಳಿಸಿದ್ದೆ ಎಂದು. ಅವರು ಬಲೆಯ ದಾರ ಹಲ್ಲಿನಲ್ಲಿ ಕಡಿದು, ಗಂಟು ಬಿಗಿದರು. ಆಮೇಲೆ, ಇಪ್ಪತ್ತೆರಡು ಆಯ್ತು, ಒಂದು ಬಾಕಿ ಎಂದರು. ಉಸ್ಮಾನ್, ಬಿ ನೆಗೆಟಿವ್. ಅವನು ಎಲ್ಲಿ ಸಿಗುತ್ತಾನೆ ಎಂದು ಪೆನ್ನು ತೆಗೆದೆ.

ಉಸ್ಮಾನ್ ಅವರ ತಮ್ಮನಂತೆ. ಕಳೆದ ನವೆಂಬರಿನಲ್ಲಿ ಗಾಳಿಗೆ ಬೋಟಿನಿಂದ ಬಿದ್ದವ, ಸಿಗಲೇ ಇಲ್ಲ. ಮೂರು ಮಳೆಗಾಲ ತಪ್ಪದೆ ಬಂದು ರಕ್ತ ಕೊಟ್ಟಿದ್ದನಂತೆ. ನಾನು ಪೆನ್ನು ಹಿಡಿದುಕೊಂಡೇ ನಿಂತೆ. ಬರೆಯುವುದೋ ಬಿಡುವುದೋ ತಿಳಿಯಲಿಲ್ಲ. ಅವರನ್ನು ಕೇಳುವ ಧೈರ್ಯವೂ ಬರಲಿಲ್ಲ.

ಆಸ್ಪತ್ರೆಗೆ ಹಿಂದೆ ಬಂದು ಹೊಸ ಕೆ–೨ಕ್ಕೆ ಇಪ್ಪತ್ತಮೂರು ಹೆಸರೂ ಒತ್ತಿದೆ. ಉಸ್ಮಾನನ ಎದುರು 'ಕರೆಯಬಾರದು' ಎಂದು ಹಾಕಿದೆ. ಎರಡು ಫ್ಲಾಪಿಗೆ ತೆಗೆದೆ. ಪ್ರಿಂಟು ನೋಡಿದ ಸರ್ವೋತ್ತಮ ಸರ್, ಕರೆಯಬಾರದವನು ಪಟ್ಟಿಯಲ್ಲಿ ಯಾಕೆ, ಇವನು ಯಾವುದಕ್ಕೆ ಬೇಕು ಎಂದು ಕೇಳಿದರು.

ಗೊತ್ತಿಲ್ಲ ಸರ್ ಅಂದೆ. ತೆಗೆಯಲಿಲ್ಲ. ಕೆಳಗೆ ಸಹಿ ಹಾಕಿ ಕೊಟ್ಟೆ.